‘ಎಂದು ಆರೋಪಿಸಿದರು’

ನಮ್ಮ ಕೆಲಸದಲ್ಲಿ ದಿನಕ್ಕೆ ಹತ್ತು ಸಲವಾದರೂ ಬರೆಯುವ ಒಂದು ಮಾತಿದೆ: ‘ಎಂದು ಆರೋಪಿಸಿದರು’. ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಈ ಮಾತು ಛತ್ರಿ ಇದ್ದ ಹಾಗೆ. ಮಳೆ ಎಷ್ಟೇ ಬರಲಿ, ನಮ್ಮ ತಲೆ ನೆನೆಯುವುದಿಲ್ಲ. ನಾಳೆ ಯಾರಾದರೂ ಫೋನ್ ಮಾಡಿ ಜಗಳಕ್ಕೆ ಬಂದರೆ, ‘ನಾವು ಹೇಳಿದ್ದಲ್ಲ ಸ್ವಾಮಿ, ಅವರು ಹೇಳಿದ್ದು. ಅವರು ಹೇಳಿದ ಹಾಗೆ ಹಾಕಿದ್ದೀವಿ’ ಎನ್ನಬಹುದು.

ಈ ಒಂದು ಮಾತಿನ ಮೇಲೆ ಏಣಿ ಹಾಕಿಕೊಂಡು ಇಡೀ ಅಮೆರಿಕವನ್ನು ನಾಲ್ಕು ವರ್ಷ ನಡುಗಿಸಿದ ಒಬ್ಬ ರಾಜಕಾರಣಿ ಇದ್ದರು. ಹೆಸರು ಜೋಸೆಫ್ ಮೆಕಾರ್ಥಿ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಈ ಹೆಸರು ನಮಗೆ ಎರಡು ಅಂಕದ ಪ್ರಶ್ನೆಯಾಗಿ ಬಂದಿತ್ತು. ‘ಮೆಕಾರ್ಥಿವಾದ ಎಂದರೇನು?’ ‘ಸಾಕ್ಷ್ಯವಿಲ್ಲದೆ ದೇಶದ್ರೋಹದ ಆರೋಪ ಹೊರಿಸುವುದು’ ಎಂದು ಬರೆದು ಅಂಕ ತೆಗೆದುಕೊಂಡೆವು. ಈ ಕೆಲಸಕ್ಕೆ ಇಳಿದು ಕೆಲವು ವರ್ಷ ಕಳೆದ ಮೇಲೆ ಅವರ ಬಗ್ಗೆ ಮತ್ತೆ ಓದಿದೆವು. ಆಗ ಅದರಲ್ಲಿ ರಾಜಕಾರಣಿಗಿಂತ ಹೆಚ್ಚಾಗಿ ನಮ್ಮಂಥ ವರದಿಗಾರರೇ ಕಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೆಕಾರ್ಥಿ ಹುಟ್ಟಿದ್ದು 1908ರ ನವೆಂಬರ್ 14ರಂದು. ವಿಸ್ಕಾನ್ಸಿನ್ ರಾಜ್ಯದ ಆ್ಯಪಲ್‌ಟನ್ ಪಟ್ಟಣದ ಪಕ್ಕದ ಗ್ರ್ಯಾಂಡ್ ಶೂಟ್ ಎಂಬಲ್ಲಿ. ಐರಿಷ್ ಮೂಲದ ಕ್ಯಾಥೊಲಿಕ್ ರೈತರ ಮನೆ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟ ಹುಡುಗ ಸ್ವಂತವಾಗಿ ಕೋಳಿ ಸಾಕಣೆ ಶುರು ಮಾಡಿದ. ಚೆನ್ನಾಗಿಯೇ ನಡೆಯಿತು. ಆಮೇಲೆ ತಾನು ಕಾಯಿಲೆ ಬಿದ್ದ, ನೋಡಿಕೊಳ್ಳುವವರಿಲ್ಲದೆ ಕೋಳಿಗಳೂ ಹೋದವು. ಕೋಳಿ ಫಾರಂ ಮಾಡಿ ಕೈ ಸುಟ್ಟುಕೊಂಡವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ಧೈರ್ಯ ಬಿಡಲಿಲ್ಲ. ದಿನಸಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಮ್ಯಾನೇಜರ್ ಆಗಿ ಮನಾವಾ ಎಂಬ ಸಣ್ಣ ಊರಿಗೆ ಹೋದ. ಇಪ್ಪತ್ತನೇ ವಯಸ್ಸಿನಲ್ಲಿ ಅಲ್ಲಿನ ಹೈಸ್ಕೂಲಿಗೆ ಸೇರಿಕೊಂಡ. ತನಗಿಂತ ಐದಾರು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು ನಾಲ್ಕು ವರ್ಷದ ಓದನ್ನು ಒಂದೇ ವರ್ಷದಲ್ಲಿ ಮುಗಿಸಿದ. ಮಿಲ್ವಾಕಿಯ ಮಾರ್ಕ್ವೆಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1935ರಲ್ಲಿ ಕಾನೂನು ಪದವಿ ಪಡೆದ. ಇಲ್ಲಿಗೆ ನಿಲ್ಲಿಸಿದರೆ ಯಾವ ಊರಲ್ಲಾದರೂ ಕರೆದು ಹಾರ ಹಾಕಿ ಸನ್ಮಾನ ಮಾಡುವಂಥ ಬದುಕು. ಶ್ರಮದ ವಿಷಯದಲ್ಲಿ ಅವರ ಕಡೆ ಬೊಟ್ಟು ಮಾಡುವ ಹಾಗಿಲ್ಲ.

1936ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಜಿಲ್ಲಾ ಸರ್ಕಾರಿ ವಕೀಲರ ಸ್ಥಾನಕ್ಕೆ ನಿಂತು ಸೋತರು. ಅಮೆರಿಕದಲ್ಲಿ ಇಂಥ ಹುದ್ದೆಗೂ ಚುನಾವಣೆ ನಡೆಯುತ್ತದೆ. 1939ರಲ್ಲಿ ನ್ಯಾಯಾಧೀಶರ ಸ್ಥಾನಕ್ಕೆ ನಿಂತರು. ಎದುರಾಳಿ ಬಹಳ ವರ್ಷಗಳಿಂದ ಆ ಸ್ಥಾನದಲ್ಲಿದ್ದ ಹಿರಿಯ ನ್ಯಾಯಾಧೀಶರು. ವಯಸ್ಸು 66. ಮೆಕಾರ್ಥಿ ಊರೂರು ತಿರುಗಿ, ರೈತರ ಹೆಸರು, ಮಕ್ಕಳ ಹೆಸರು ಕೇಳಿ ತಿಳಿದುಕೊಂಡು ಮಾತಾಡಿಸಿದರು. ಜೊತೆಗೆ, ‘ಪಾಪ, ಅವರಿಗೆ 73 ಆಯ್ತು, ವಿಶ್ರಾಂತಿ ಬೇಕು’ ಎನ್ನುವಂತೆ ಪ್ರಚಾರ ಮಾಡಿದರು. ಗೆದ್ದರು. ಮೂವತ್ತರ ಹರೆಯದ ನ್ಯಾಯಾಧೀಶರಾದರು.

66 ಇದ್ದದ್ದು 73 ಆಯಿತು. ಇದನ್ನು ನೆನಪಿಟ್ಟುಕೊಳ್ಳಿ.

1942ರಲ್ಲಿ ಮರೀನ್ ಪಡೆ ಸೇರಿದರು. ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳ ಕಡೆ, ಬಾಂಬರ್ ವಿಮಾನಗಳ ತುಕಡಿಯೊಂದರಲ್ಲಿ ಪೈಲಟ್‌ಗಳಿಗೆ ಮಾಹಿತಿ ಕೊಡುವ ಅಧಿಕಾರಿಯ ಕೆಲಸ. ತಾವೇ ಮುಂದೆ ಬಂದು 12 ಸಲ ಯುದ್ಧ ವಿಮಾನದ ಹಿಂದಿನ ಗನ್ನರ್ ಸೀಟಿನಲ್ಲಿ ಹೋದದ್ದೂ ನಿಜ. ಆದರೆ ಮುಂದೆ ಪದಕ ಕೇಳುವಾಗ ಅದು 32 ಸಲ ಆಗಿತ್ತು. ಪದಕ 1952ರಲ್ಲಿ ಸಿಕ್ಕಿತು. ಕಾಲಿನ ಪೆಟ್ಟನ್ನು ಯುದ್ಧದ ಗಾಯ ಎನ್ನುತ್ತಿದ್ದರು. ಅದು ಹಡಗು ಭೂಮಧ್ಯರೇಖೆ ದಾಟುವಾಗ ಸೈನಿಕರು ಮಾಡುವ ತಮಾಷೆಯ ಆಟದಲ್ಲಿ ಬಿದ್ದು ಆದ ಪೆಟ್ಟು. 12 ಸಲ ಹೋದದ್ದೇ ಹೆಮ್ಮೆ ಪಡುವ ಸಂಗತಿ. ಅವರಿಗೆ ಅಷ್ಟು ಸಾಲಲಿಲ್ಲ.

1946ರಲ್ಲಿ ಅವರು ರಿಪಬ್ಲಿಕನ್ ಪಕ್ಷದಿಂದ ಸೆನೆಟ್‌ಗೆ ನಿಂತರು. ಸೆನೆಟ್ ಅಂದರೆ ನಮ್ಮ ರಾಜ್ಯಸಭೆಯ ಹಾಗೆ ಮೇಲ್ಮನೆ, ಆದರೆ ಸದಸ್ಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಅಲ್ಲಿ ಪಕ್ಷದ ಟಿಕೆಟ್ ಕೂಡ ಮತದಾರರೇ ಕೊಡುವುದು, ಅದಕ್ಕೆ ಬೇರೆ ಚುನಾವಣೆ. ಆ ಟಿಕೆಟ್ ಚುನಾವಣೆಯಲ್ಲಿ 21 ವರ್ಷ ಸೆನೆಟರ್ ಆಗಿದ್ದ, ದೊಡ್ಡ ಮನೆತನದ ರಾಬರ್ಟ್ ಲಾಫಾಲೆಟ್ ಜೂನಿಯರ್ ಅವರನ್ನು ಸುಮಾರು 5 ಸಾವಿರ ಮತಗಳಿಂದ ಸೋಲಿಸಿದರು. ನವೆಂಬರ್‌ನಲ್ಲಿ ಸುಲಭವಾಗಿ ಗೆದ್ದು ವಾಷಿಂಗ್ಟನ್‌ಗೆ ಹೋದರು. ಆಗ ವಯಸ್ಸು 38.

ಮೊದಲ ಮೂರು ವರ್ಷ ಅವರನ್ನು ಯಾರೂ ಅಷ್ಟಾಗಿ ಕಣ್ಣೆತ್ತಿ ನೋಡಲಿಲ್ಲ. ಸರ್ಕಾರದ ಕೈ ಚಿಕ್ಕದಿರಬೇಕು, ನಿಯಂತ್ರಣ ಕಡಿಮೆ ಇರಬೇಕು, ಕಮ್ಯುನಿಸಂ ವಿರುದ್ಧ ಗಟ್ಟಿ ನಿಲ್ಲಬೇಕು ಎನ್ನುವ ಸಂಪ್ರದಾಯವಾದಿ ಗುಂಪಿನ ಒಬ್ಬ ಸದಸ್ಯ, ಅಷ್ಟೆ.

ಅಷ್ಟರಲ್ಲಿ ಗಾಳಿ ಬದಲಾಯಿತು. 1949ರ ಆಗಸ್ಟ್‌ನಲ್ಲಿ ಸೋವಿಯತ್ ರಷ್ಯಾ ಅಣುಬಾಂಬ್ ಸ್ಫೋಟಿಸಿತು. ಅಕ್ಟೋಬರ್‌ನಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಹೋಯಿತು. 1950ರ ಜನವರಿಯಲ್ಲಿ, ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಆಲ್ಜರ್ ಹಿಸ್ ಅವರಿಗೆ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಶಿಕ್ಷೆಯಾಯಿತು. ಫೆಬ್ರವರಿ ಆರಂಭದಲ್ಲಿ, ಅಣುಬಾಂಬಿನ ಗುಟ್ಟು ರಷ್ಯಾಕ್ಕೆ ಕೊಟ್ಟ ವಿಜ್ಞಾನಿ ಕ್ಲಾಸ್ ಫುಕ್ಸ್ ಲಂಡನ್‌ನಲ್ಲಿ ಸಿಕ್ಕಿಬಿದ್ದ. ಜನರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ನಿಜವಾದ ಬೇಹುಗಾರರು ಇದ್ದರು. ಮೆಕಾರ್ಥಿಯನ್ನು ಬರೀ ಸುಳ್ಳುಗಾರ ಎಂದು ತಳ್ಳಿಹಾಕಿದರೆ ಈ ಭಾಗ ಅರ್ಥವಾಗುವುದಿಲ್ಲ. ಇರುವ ಹೆದರಿಕೆಗೆ ಇಲ್ಲದ ಲೆಕ್ಕ ಸೇರಿಸಿದ್ದು ಅವರ ಕೆಲಸ. ಗಾಳಿ ಬಂದಾಗ ತೂರಿಕೊಂಡರು.

1950ರ ಫೆಬ್ರವರಿ 9. ವೆಸ್ಟ್ ವರ್ಜೀನಿಯಾ ರಾಜ್ಯದ ವೀಲಿಂಗ್ ಎಂಬ ಊರು. ಪಕ್ಷದ ಮಹಿಳಾ ಘಟಕ ಲಿಂಕನ್ ಜಯಂತಿಗೆ ಹೋಟೆಲ್‌ನಲ್ಲಿ ಊಟದ ಸಭೆ ಇಟ್ಟುಕೊಂಡಿತ್ತು. ಇಂಥ ಸಭೆಗಳಿಗೆ ದೊಡ್ಡ ನಾಯಕರು ದೊಡ್ಡ ಊರಿಗೆ ಹೋಗುತ್ತಾರೆ. ವೀಲಿಂಗ್‌ಗೆ ಬಂದದ್ದು ಮೆಕಾರ್ಥಿ. ವಿದೇಶಾಂಗ ಇಲಾಖೆಯಲ್ಲಿರುವ 205 ಕಮ್ಯುನಿಸ್ಟರ ಪಟ್ಟಿ ತಮ್ಮ ಕೈಯಲ್ಲಿದೆ, ಇಲಾಖೆಯ ಮುಖ್ಯಸ್ಥರಿಗೆ ಗೊತ್ತಿದ್ದೂ ಅವರು ಅಲ್ಲೇ ಕೆಲಸ ಮಾಡುತ್ತಿದ್ದಾರೆ ಎಂದು ಅಲ್ಲಿ ಹೇಳಿದರು.

ಊರಿನ ಪತ್ರಿಕೆ ವೀಲಿಂಗ್ ಇಂಟೆಲಿಜೆನ್ಸರ್ ಮರುದಿನ ಮೊದಲ ಪುಟದಲ್ಲಿ ಹಾಕಿತು. ಅದೇ ಪತ್ರಿಕೆಯ ಕಚೇರಿಯಿಂದ ಸುದ್ದಿ ಅಸೋಸಿಯೇಟೆಡ್ ಪ್ರೆಸ್‌ಗೆ ಹೋಯಿತು. ಅದು ನಮ್ಮ ಪಿಟಿಐ ಇದ್ದ ಹಾಗೆ ಎಲ್ಲ ಪತ್ರಿಕೆಗಳಿಗೂ ಸುದ್ದಿ ಹಂಚುವ ಸಂಸ್ಥೆ. ಚಾರ್ಲ್‌ಸ್ಟನ್‌ನ ರಾತ್ರಿ ಡೆಸ್ಕ್‌ನಲ್ಲಿದ್ದವರಿಗೆ 205 ಎಂಬ ಸಂಖ್ಯೆ ನೋಡಿ ಅನುಮಾನ ಬಂತು. ವಾಪಸ್ ಫೋನ್ ಮಾಡಿ ಕೇಳಿದರು. ಹೌದು, ಅವರು 205 ಅಂತಲೇ ಹೇಳಿದ್ದು ಎಂದು ಉತ್ತರ ಬಂತು. ಸುದ್ದಿ ದೇಶಕ್ಕೆಲ್ಲ ಹೋಯಿತು.

ನಾವು ಈ ಭಾಗವನ್ನು ಮೂರು ನಾಲ್ಕು ಸಲ ಓದಿದ್ದೇವೆ. ಆ ರಾತ್ರಿ ಡೆಸ್ಕ್‌ನವರು ಸೋಮಾರಿಗಳಲ್ಲ. ಅವರು ಪರಿಶೀಲನೆ ಮಾಡಿದರು. ಪರಿಶೀಲಿಸಿದ್ದು ಮಾತ್ರ ‘ಅವರು ಹಾಗೆ ಹೇಳಿದರೇ?’ ಎಂಬುದನ್ನು. ‘ಅದು ಹಾಗೆ ಇದೆಯೇ?’ ಎಂದು ಕೇಳಲು ಆ ರಾತ್ರಿ ಯಾರಿಗೂ ಪುರುಸೊತ್ತಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂಬ ಗಾದೆ ನಮಗೆಲ್ಲ ಗೊತ್ತಲ್ಲ. ಎತ್ತು ಈಯಿತೆಂದು ಹೇಳಿದ್ದು ಯಾರು, ಎಷ್ಟು ಗಂಟೆಗೆ ಹೇಳಿದರು, ಒಂದು ಕರುವೋ ಎರಡೋ ಎಂದೆಲ್ಲ ಸರಿಯಾಗಿ ಬರೆದುಕೊಂಡ ಹಾಗಾಯಿತು.

ಆ 205 ಬಂದದ್ದು ಎಲ್ಲಿಂದ? 1946ರಲ್ಲಿ ಅಂದಿನ ವಿದೇಶಾಂಗ ಮಂತ್ರಿ ಜೇಮ್ಸ್ ಬರ್ನ್ಸ್ ಬರೆದ ಒಂದು ಪತ್ರವಿತ್ತು. ಇಲಾಖೆಗೆ ವರ್ಗವಾಗಿ ಬಂದ ನೌಕರರನ್ನು ತಪಾಸಣೆ ಮಾಡಿ, 284 ಜನರನ್ನು ಕಾಯಂ ಮಾಡುವುದು ಬೇಡವೆಂದು ಶಿಫಾರಸು ಆಗಿದೆ, 79 ಜನರನ್ನು ತೆಗೆದಿದ್ದೇವೆ ಎಂದು ಅದರಲ್ಲಿತ್ತು. 284ರಲ್ಲಿ 79 ಕಳೆದರೆ 205. ಅಷ್ಟೇ ಲೆಕ್ಕ. ಅದರಲ್ಲಿ ಹೆಸರುಗಳಿರಲಿಲ್ಲ. ಕಾಯಂ ಬೇಡ ಎನ್ನಲು ಹಲವು ಕಾರಣಗಳಿದ್ದವು, ಎಲ್ಲರೂ ಕಮ್ಯುನಿಸ್ಟರು ಎಂದೇನಲ್ಲ. ಮೇಲಾಗಿ ನಾಲ್ಕು ವರ್ಷದ ಹಳೆಯ ಲೆಕ್ಕ. ಭಾಷಣದ ಹೊತ್ತಿಗೆ ಅವರಲ್ಲಿ ಸುಮಾರು 65 ಜನ ಮಾತ್ರ ಕೆಲಸದಲ್ಲಿದ್ದರು, ಅವರ ತಪಾಸಣೆಯೂ ಮತ್ತೊಮ್ಮೆ ಆಗಿತ್ತು.

ಮರುದಿನ ಡೆನ್ವರ್ ವಿಮಾನ ನಿಲ್ದಾಣದಲ್ಲಿ ವರದಿಗಾರರು ಪಟ್ಟಿ ಕೇಳಿದರು. ತೋರಿಸುತ್ತೇನೆ ಎಂದ ಮೆಕಾರ್ಥಿ, ಅದು ವಿಮಾನದಲ್ಲಿರುವ ತಮ್ಮ ಇನ್ನೊಂದು ಸೂಟಿನಲ್ಲಿ ಉಳಿದಿದೆ ಎಂದರು. ಅವರು ಚೀಲದಲ್ಲಿ ಹುಡುಕುತ್ತಿರುವ ಫೋಟೊ ಪತ್ರಿಕೆಯಲ್ಲಿ ಬಂತು. ಅಂದು ಸಂಜೆ ಸಾಲ್ಟ್ ಲೇಕ್ ಸಿಟಿಯಲ್ಲಿ ಸಂಖ್ಯೆ 57 ಆಯಿತು. ಫೆಬ್ರವರಿ 20ರಂದು ಸೆನೆಟ್‌ನಲ್ಲಿ 81 ಪ್ರಕರಣ ಎಂದರು. ಹನ್ನೊಂದು ದಿನದಲ್ಲಿ ಮೂರು ಸಂಖ್ಯೆ. ಪ್ರತಿ ಸಂಖ್ಯೆಗೂ ಹೊಸ ತಲೆಬರಹ.

‘ಆಮೇಲೆ ಕೊಡ್ತೀನಿ’ ಎಂಬ ಮಾತು ನಮಗೂ ಹೊಸದಲ್ಲ. ಒಂದು ಸಲ ಒಬ್ಬ ಮುಖಂಡರು ಪ್ರೆಸ್ ಮೀಟ್ ಕರೆದು, ಮನೆ ಮಂಜೂರಾತಿಯಲ್ಲಿ ಇಷ್ಟು ಜನ ನಕಲಿ ಫಲಾನುಭವಿಗಳಿದ್ದಾರೆ ಎಂದು ಒಂದು ಸಂಖ್ಯೆ ಹೇಳಿ ಫೈಲ್ ಎತ್ತಿ ತೋರಿಸಿದರು. ‘ಪಟ್ಟಿ ಕೊಡಿ ಸಾರ್, ಸುದ್ದಿ ಜೊತೆ ಹಾಕೋಣ’ ಎಂದೆವು. ‘ಕಾರಲ್ಲಿದೆ, ಕೊಡಿಸ್ತೀನಿ’ ಎಂದರು. ಟೀ ಕುಡಿದೆವು. ಕಾರು ಹೋಯಿತು. ನಾವು ಸುದ್ದಿ ಕಳಿಸಲಿಲ್ಲ. ಮರುದಿನ ಬೇರೆ ಕಡೆ ಅದು ದೊಡ್ಡದಾಗಿ ಬಂದಿತ್ತು. ಡೆಸ್ಕ್‌ನಿಂದ ಫೋನ್ ಬಂತು: ‘ಎಲ್ಲರಿಗೂ ಸಿಕ್ಕಿದೆ, ನಿಮಗೆ ಯಾಕೆ ಸಿಗಲಿಲ್ಲ?’ ಸುದ್ದಿಗೆ ಇಷ್ಟು ಎಂದು ದುಡ್ಡು ಪಡೆಯುವವರಿಗೆ ಈ ಪ್ರಶ್ನೆಯ ಭಾರ ಗೊತ್ತು. ಆ ಪಟ್ಟಿ ಇವತ್ತಿಗೂ ನಮ್ಮ ಕೈಗೆ ಬಂದಿಲ್ಲ.

ಅಮೆರಿಕದಲ್ಲಿ ಆಗ ಇದೇ ನಡೆದದ್ದು, ದೊಡ್ಡ ಪ್ರಮಾಣದಲ್ಲಿ. ಮೂರು ಸುದ್ದಿಸಂಸ್ಥೆಗಳ ನಡುವೆ ಪೈಪೋಟಿ. ಒಬ್ಬರು ಕಳಿಸಿದರೆ ಇನ್ನೊಬ್ಬರು ಬಿಡುವಂತಿರಲಿಲ್ಲ. ಮೆಕಾರ್ಥಿಗೆ ಪತ್ರಿಕೆಗಳು ಅಚ್ಚಿಗೆ ಹೋಗುವ ಸಮಯ ಬಾಯಿಪಾಠ ಇತ್ತು. ಆರೋಪಕ್ಕೆ ಗುರಿಯಾದವರಿಗೆ ಫೋನ್ ಮಾಡಿ ಕೇಳುವಷ್ಟು ಹೊತ್ತು ಉಳಿಯದಂತೆ ಕೊನೇ ಗಳಿಗೆಯಲ್ಲಿ ಸುದ್ದಿ ಕೊಡುತ್ತಿದ್ದರು. ಮಧ್ಯಾಹ್ನ ಪ್ರೆಸ್ ಮೀಟ್ ಇದೆ ಎಂದು ಹೇಳಲು ಬೆಳಿಗ್ಗೆ ಒಂದು ಪ್ರೆಸ್ ಮೀಟ್ ಕರೆಯುತ್ತಿದ್ದರು ಎಂದು ಅವರ ಬದುಕಿನ ಬಗ್ಗೆ ಬರೆದ ಪತ್ರಕರ್ತ ರಿಚರ್ಡ್ ರೊವೇರ್ ಹೇಳುತ್ತಾರೆ. ಆರೋಪ ಮೊದಲ ಪುಟಕ್ಕೆ, ನಿರಾಕರಣೆ ಮರುದಿನ ಒಳಪುಟಕ್ಕೆ. ಅಷ್ಟರಲ್ಲಿ ಹೊಸ ಆರೋಪ ರೆಡಿ.

ಇದರ ಕೆಳಗೆ ಸಿಕ್ಕವರ ಗತಿ ಏನಾಯಿತು? ಓವೆನ್ ಲ್ಯಾಟಿಮೋರ್ ಎಂಬ ಪ್ರೊಫೆಸರ್ ಇದ್ದರು. ಮಂಗೋಲಿಯಾ, ಚೀನಾ ಬಗ್ಗೆ ದೊಡ್ಡ ವಿದ್ವಾಂಸರು. 1950ರ ಮಾರ್ಚ್‌ನಲ್ಲಿ ಅವರು ವಿಶ್ವಸಂಸ್ಥೆಯ ಕೆಲಸದ ಮೇಲೆ ಅಫ್ಘಾನಿಸ್ತಾನದಲ್ಲಿದ್ದಾಗ, ಅಮೆರಿಕದಲ್ಲಿರುವ ರಷ್ಯಾದ ಅತಿ ದೊಡ್ಡ ಬೇಹುಗಾರ ಇವರೇ ಎಂದು ಮೆಕಾರ್ಥಿ ಹೆಸರಿಸಿದರು. ಅವರು ಊರಿಗೆ ಬಂದು ತನಿಖೆ ಎದುರಿಸಿದರು. ಆಮೇಲೆ ಮತ್ತೊಂದು ಸಮಿತಿ, ಸುಳ್ಳು ಸಾಕ್ಷಿ ಎಂದು ಕೇಸು. 1955ರಲ್ಲಿ ಕೇಸು ಬಿದ್ದುಹೋಯಿತು. ಐದು ವರ್ಷ ಹೋಗಿತ್ತು. ಕೊನೆಗೆ ಅವರು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಹೋದರು. ಹೆಸರಿದ್ದವರ ಪಾಡೇ ಇದು. ಹೆಸರಿಲ್ಲದ ಗುಮಾಸ್ತರು, ಶಿಕ್ಷಕರು, ಎಂಜಿನಿಯರ್‌ಗಳು ಕೆಲಸ ಕಳೆದುಕೊಂಡು ಸುಮ್ಮನಾದರು. ಮೆಕಾರ್ಥಿಯ ಅಷ್ಟೂ ತನಿಖೆಗಳಿಂದ ಒಬ್ಬನೇ ಒಬ್ಬ ಬೇಹುಗಾರನಿಗೂ ನ್ಯಾಯಾಲಯದಲ್ಲಿ ಶಿಕ್ಷೆಯಾಗಲಿಲ್ಲ.

ಎದುರು ನಿಂತವರಿಗೆ ಏನಾಗುತ್ತಿತ್ತು ಎಂಬುದಕ್ಕೆ ಮಿಲಾರ್ಡ್ ಟೈಡಿಂಗ್ಸ್ ಎಂಬ ಸೆನೆಟರ್ ಉದಾಹರಣೆ. ಮೆಕಾರ್ಥಿಯ ಆರೋಪಗಳನ್ನು ಪರಿಶೀಲಿಸಿದ ಸಮಿತಿಯ ಅಧ್ಯಕ್ಷರು ಅವರು. ಇದೆಲ್ಲ ವಂಚನೆ ಎಂದು ಸಮಿತಿ 1950ರ ಜುಲೈನಲ್ಲಿ ವರದಿ ಕೊಟ್ಟಿತು. ನವೆಂಬರ್‌ನಲ್ಲಿ ಟೈಡಿಂಗ್ಸ್ ಚುನಾವಣೆ ಎದುರಿಸಬೇಕಿತ್ತು. ಮತದಾನಕ್ಕೆ ಸ್ವಲ್ಪ ಮುಂಚೆ ನಾಲ್ಕು ಪುಟದ ಒಂದು ಪತ್ರಿಕೆ ಮನೆಮನೆಗೆ ಬಂತು. ಅದರಲ್ಲಿ ಕಮ್ಯುನಿಸ್ಟ್ ನಾಯಕ ಅರ್ಲ್ ಬ್ರೌಡರ್ ಮಾತಾಡುತ್ತಿರುವಂತೆ, ಟೈಡಿಂಗ್ಸ್ ಹತ್ತಿರ ನಿಂತು ಕಿವಿಗೊಟ್ಟು ಕೇಳುತ್ತಿರುವಂತೆ ಒಂದು ಫೋಟೊ. ಬೇರೆ ಬೇರೆ ಸಮಯದ ಎರಡು ಫೋಟೊ ಕತ್ತರಿಸಿ ಅಂಟಿಸಿದ್ದು. ಜೋಡಿಸಿದ ಚಿತ್ರ ಎಂದು ಕೆಳಗೆ ಬರೆದೂ ಇದ್ದರು. ಆದರೆ ಕಣ್ಣು ನೋಡುವುದು ಫೋಟೊವನ್ನು. ಟೈಡಿಂಗ್ಸ್ ಸೋತರು. ಆ ಚುನಾವಣೆಯಲ್ಲಿ ಅವರ ವಿರುದ್ಧ ಮೆಕಾರ್ಥಿ ಮತ್ತು ಅವರ ಕಚೇರಿಯವರು ಕೆಲಸ ಮಾಡಿದ್ದರು. ಮುಂದಿನ ವರ್ಷ ಸೆನೆಟ್ ಸಮಿತಿಯೊಂದು ಆ ಪ್ರಚಾರವನ್ನು ಖಂಡಿಸಿತು, ಫಲಿತಾಂಶ ಬದಲಾಗಲಿಲ್ಲ. ಸ್ಮಾರ್ಟ್‌ಫೋನ್ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ, ಕತ್ತರಿ ಮತ್ತು ಗೋಂದು ಇದ್ದ ಕಾಲದಲ್ಲಿ ಇದು ನಡೆಯಿತು ಎಂಬುದನ್ನು ಗಮನಿಸಿ.

ಪತ್ರಕರ್ತರನ್ನೂ ಬಿಡಲಿಲ್ಲ. ಡ್ರೂ ಪಿಯರ್ಸನ್ ಎಂಬ ಹೆಸರಾಂತ ಅಂಕಣಕಾರ ಅವರ ವಿರುದ್ಧ ಬರೆಯುತ್ತಿದ್ದರು. 1950ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಕ್ಲಬ್ಬೊಂದರಲ್ಲಿ ಮೆಕಾರ್ಥಿ ಅವರ ಮೇಲೆ ಕೈ ಮಾಡಿದರು. ಆಮೇಲೆ ಸೆನೆಟ್‌ನಲ್ಲಿ ನಿಂತು, ಪಿಯರ್ಸನ್ ಅವರ ರೇಡಿಯೊ ಕಾರ್ಯಕ್ರಮಕ್ಕೆ ಜಾಹೀರಾತು ಕೊಡುವ ಟೋಪಿ ಕಂಪನಿಯ ಟೋಪಿ ಕೊಳ್ಳಬೇಡಿ ಎಂದು ಕರೆ ಕೊಟ್ಟರು. ಕಂಪನಿ ಜಾಹೀರಾತು ನಿಲ್ಲಿಸಿತು. ಬರೆಯುವವರ ಬಾಯಿ ಕಟ್ಟುವುದಕ್ಕಿಂತ ಅನ್ನದ ತಟ್ಟೆ ಎಳೆಯುವುದು ಸುಲಭ.

ಇಷ್ಟಾದರೂ ಅವರ ಪಕ್ಷದ ಹಿರಿಯರು ಏನು ಮಾಡುತ್ತಿದ್ದರು? ಹೆಚ್ಚಿನವರು ಸುಮ್ಮನಿದ್ದರು. ಎದುರು ಪಕ್ಷಕ್ಕೆ ಪೆಟ್ಟು ಬೀಳುತ್ತಿದೆಯಲ್ಲ, ಬೀಳಲಿ ಎನ್ನುವ ಲೆಕ್ಕ. ಒಬ್ಬರು ಸುಮ್ಮನಿರಲಿಲ್ಲ. ಮೇನ್ ರಾಜ್ಯದ ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್, ಆಗ ಸೆನೆಟ್‌ನಲ್ಲಿದ್ದ ಒಬ್ಬರೇ ಮಹಿಳೆ, ಅದೇ ರಿಪಬ್ಲಿಕನ್ ಪಕ್ಷದವರು. 1950ರ ಜೂನ್ 1ರಂದು ಎದ್ದು ನಿಂತು ಹದಿನೈದು ನಿಮಿಷ ಮಾತಾಡಿದರು. ಮೆಕಾರ್ಥಿಯ ಹೆಸರೆತ್ತಲಿಲ್ಲ. ಹೆದರಿಕೆ ಮತ್ತು ಅಪಪ್ರಚಾರದ ಮೇಲೆ ನಮ್ಮ ಪಕ್ಷ ಗೆಲ್ಲುವುದು ಬೇಡ ಎಂಬುದು ಅವರ ಮಾತಿನ ತಿರುಳು. ಇನ್ನು ಆರು ರಿಪಬ್ಲಿಕನ್ನರು ಜೊತೆಗೆ ಸಹಿ ಹಾಕಿದರು. ಒಬ್ಬ ಹೆಣ್ಣುಮಗಳು, ಆರು ಜನ ಕುಳ್ಳರು ಎನ್ನುವ ಅರ್ಥದಲ್ಲಿ ಮಕ್ಕಳ ಕಥೆಯ ಹೆಸರಿಟ್ಟು ಮೆಕಾರ್ಥಿ ಗೇಲಿ ಮಾಡಿದರು. ಸಹಿ ಹಾಕಿದವರಲ್ಲಿ ಕೆಲವರು ಹಿಂದೆ ಸರಿದರು. ಸ್ಮಿತ್ ಸರಿಯಲಿಲ್ಲ.

ಯುದ್ಧ ಗೆದ್ದು ಬಂದ ಜನರಲ್ ಐಸೆನ್‌ಹೋವರ್ ಅಂಥವರೂ 1952ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಾಗ ಹಿಂಜರಿದರು. ಐಸೆನ್‌ಹೋವರ್ ಅವರನ್ನು ಮೇಲೆ ತಂದ ಹಿರಿಯ ಸೇನಾಧಿಕಾರಿ ಜಾರ್ಜ್ ಮಾರ್ಷಲ್. ಅವರನ್ನೇ ಮೆಕಾರ್ಥಿ ದೇಶದ್ರೋಹದ ಸಂಚಿಗೆ ಸೇರಿಸಿ ಸೆನೆಟ್‌ನಲ್ಲಿ ದೊಡ್ಡ ಭಾಷಣ ಮಾಡಿದ್ದರು. ಮೆಕಾರ್ಥಿಯ ಸ್ವಂತ ರಾಜ್ಯದಲ್ಲೇ ಮಾರ್ಷಲ್ ಪರವಾಗಿ ನಾಲ್ಕು ಮಾತಾಡಬೇಕೆಂದು ಐಸೆನ್‌ಹೋವರ್ ಬರೆಸಿಕೊಂಡಿದ್ದರು. ಮಿಲ್ವಾಕಿ ಸಭೆಯಲ್ಲಿ ಆ ಸಾಲುಗಳನ್ನು ಬಿಟ್ಟು ಓದಿದರು. ಓಟಿನ ಲೆಕ್ಕ.

1953ರಲ್ಲಿ ಮೆಕಾರ್ಥಿ ತನಿಖಾ ಉಪಸಮಿತಿಯ ಅಧ್ಯಕ್ಷರಾದರು. ಈಗ ಸರ್ಕಾರ ಅವರದೇ ಪಕ್ಷದ್ದು. ಆದರೂ ನಿಲ್ಲಿಸಲಿಲ್ಲ. ವಿದೇಶದಲ್ಲಿದ್ದ ಅಮೆರಿಕದ ಗ್ರಂಥಾಲಯಗಳಲ್ಲಿ ಯಾವ ಪುಸ್ತಕ ಇದೆ ಎಂದು ಹುಡುಕಿಸಿದರು. ಕೊನೆಗೆ ಸೇನೆಯ ಮೇಲೇ ಕೈ ಹಾಕಿದರು. ಅವರ ವಕೀಲ ರಾಯ್ ಕೋನ್ ತನ್ನ ಗೆಳೆಯ ಡೇವಿಡ್ ಶೈನ್ ಸೇನೆಗೆ ಸೇರಬೇಕಾಗಿ ಬಂದಾಗ ಅವನಿಗೆ ವಿಶೇಷ ಸವಲತ್ತು ಕೊಡಿ ಎಂದು ಒತ್ತಡ ಹಾಕಿದ್ದ ಎಂದು ಸೇನೆ ದೂರಿತು. 1954ರ ಏಪ್ರಿಲ್ 22ರಿಂದ ಜೂನ್ 17ರವರೆಗೆ, 36 ದಿನ, ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಅದು ಟಿವಿಯಲ್ಲಿ ನೇರವಾಗಿ ಬಂತು.

ಅದಕ್ಕೆ ಮುಂಚೆ ಮಾರ್ಚ್ 9ರಂದು ಎಡ್ವರ್ಡ್ ಮರ್ರೊ ಎಂಬ ಟಿವಿ ಪತ್ರಕರ್ತ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದ್ದರು. ಅದರಲ್ಲಿ ಹೆಚ್ಚಿನದು ಮೆಕಾರ್ಥಿಯೇ ಮಾತಾಡಿದ ಚಿತ್ರಗಳು. ಅವರು ಒಂದು ಮಾತು ಹೇಳುವುದು, ಪಕ್ಕದಲ್ಲೇ ವಾಸ್ತವ ಏನು ಎಂದು ಮರ್ರೊ ಹೇಳುವುದು. ಇದನ್ನೇ ಅವರ ಸ್ವಂತ ರಾಜ್ಯದ ಮಿಲ್ವಾಕಿ ಜರ್ನಲ್ ಪತ್ರಿಕೆ ಮುಂಚೆಯೇ ಮಾಡುತ್ತಿತ್ತು. ಮೆಕಾರ್ಥಿಯ ಆರೋಪ ಇರುವ ಏಜೆನ್ಸಿ ಸುದ್ದಿ ಬಂದರೆ, ಅದರ ನಡುವೆಯೇ ಕಂಸ ಹಾಕಿ, ಇದು ದಾಖಲೆಗಳ ಪ್ರಕಾರ ಸರಿಯಿಲ್ಲ, ಹಿಂದೆ ಹೀಗೆ ಹೇಳಿದ್ದರು ಎಂದು ಸೇರಿಸುತ್ತಿತ್ತು. ನಮಗೆ ಬಹಳ ಇಷ್ಟವಾದ ಭಾಗ ಇದು. ಅದಕ್ಕೆ ದೊಡ್ಡ ಧೈರ್ಯದ ಭಾಷಣ ಬೇಕಿಲ್ಲ. ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ನೋಡುವ ತಾಳ್ಮೆ ಇದ್ದರೆ ಸಾಕು.

ವಿಚಾರಣೆಯಲ್ಲಿ ಮತ್ತೆ ಒಂದು ಫೋಟೊ ಬಂತು. ಸೇನಾ ಖಾತೆಯ ಕಾರ್ಯದರ್ಶಿ ಶೈನ್ ಜೊತೆ ಇಬ್ಬರೇ ನಿಂತಿರುವ ಚಿತ್ರ. ಅವರಿಬ್ಬರ ಸ್ನೇಹಕ್ಕೆ ಸಾಕ್ಷಿ ಎಂದು ಮೆಕಾರ್ಥಿ ಕಡೆಯವರು ಮುಂದಿಟ್ಟರು. ಸೇನೆಯ ವಕೀಲ ಜೋಸೆಫ್ ವೆಲ್ಚ್ ಮೂಲ ಚಿತ್ರ ತರಿಸಿದರು. ಅದರಲ್ಲಿ ಬೇರೆಯವರೂ ಇದ್ದರು. ಬದಿ ಕತ್ತರಿಸಿದ್ದರು. ಜೂನ್ 9ರಂದು ಮೆಕಾರ್ಥಿ, ವೆಲ್ಚ್ ಅವರ ಕಚೇರಿಯ ಒಬ್ಬ ಯುವ ವಕೀಲ ಹಿಂದೆ ಎಡಪಂಥೀಯ ಸಂಘವೊಂದರಲ್ಲಿದ್ದ ಎಂದು ಹೆಸರು ಹಿಡಿದು ಹೇಳಿದರು. ಆ ಹುಡುಗನಿಗೂ ಆ ವಿಚಾರಣೆಗೂ ಸಂಬಂಧವೇ ಇರಲಿಲ್ಲ. ನಿಮಗೆ ಕೊನೆಗೂ ಮರ್ಯಾದೆ ಅನ್ನುವುದು ಉಳಿದಿಲ್ಲವೇ ಎಂದು ವೆಲ್ಚ್ ಕೇಳಿದರು. ಸಭಾಂಗಣದಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಅದುವರೆಗೆ ಜನ ಓದುತ್ತಿದ್ದದ್ದು ‘ಎಂದು ಆರೋಪಿಸಿದರು’ ಎಂಬ ಸಾಲನ್ನು. ಈಗ ಆರೋಪಿಸುವ ಮುಖವನ್ನೇ ನೋಡಿದರು, ಅದೂ ದಿನಗಟ್ಟಲೆ. ಜನವರಿಯಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 50 ಜನ ಅವರ ಪರ ಇದ್ದರು. ಜೂನ್‌ನಲ್ಲಿ 34ಕ್ಕೆ ಇಳಿದಿತ್ತು.

1954ರ ಡಿಸೆಂಬರ್ 2ರಂದು ಸೆನೆಟ್ ಅವರ ನಡವಳಿಕೆಯನ್ನು 67–22 ಮತಗಳಿಂದ ಖಂಡಿಸಿತು. ಆ ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷ ಯೂಟಾದ ಆರ್ಥರ್ ವಾಟ್ಕಿನ್ಸ್, ಮೆಕಾರ್ಥಿಯಷ್ಟೇ ಸಂಪ್ರದಾಯವಾದಿ ರಿಪಬ್ಲಿಕನ್. ಮತ ಹಾಕಿದ ರಿಪಬ್ಲಿಕನ್ನರಲ್ಲಿ 22 ಜನ ಈ ಕಡೆ, 22 ಜನ ಆ ಕಡೆ. ವಾಟ್ಕಿನ್ಸ್ ತಮ್ಮ ಸಿದ್ಧಾಂತ ಬಿಡಲಿಲ್ಲ, ತಮ್ಮವನೆಂದು ತಪ್ಪನ್ನು ಮುಚ್ಚಲೂ ಇಲ್ಲ. 1958ರಲ್ಲಿ ಅವರು ಚುನಾವಣೆ ಸೋತರು.

ಮೆಕಾರ್ಥಿ ಸೆನೆಟರ್ ಆಗಿಯೇ ಉಳಿದರು. ಆದರೆ ಅವರು ಮಾತಾಡಲು ಎದ್ದರೆ ಸದಸ್ಯರು ಹೊರಗೆ ಹೋಗುತ್ತಿದ್ದರು, ವರದಿಗಾರರು ಪೆನ್ನು ತೆಗೆಯುತ್ತಿರಲಿಲ್ಲ. ಮೊದಲು ಏನು ಹೇಳಿದರೂ ಮುದ್ರಿಸಿದ ಪತ್ರಿಕೆಗಳು ಈಗ ಏನು ಹೇಳಿದರೂ ಮುದ್ರಿಸಲಿಲ್ಲ. ಎರಡರಲ್ಲೂ ವಿಚಾರಿಸಿ ನೋಡುವ ಕೆಲಸ ಇರಲಿಲ್ಲ ಎಂದು ನಮಗೆ ಅನಿಸುತ್ತದೆ. ಕುಡಿತ ಹೆಚ್ಚಾಯಿತು. 1957ರ ಮೇ 2ರಂದು ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು 48. ಅದೇ ವರ್ಷದ ಜನವರಿಯಲ್ಲಿ ಅವರೂ ಪತ್ನಿ ಜೀನ್ ಅವರೂ ಒಂದು ಹೆಣ್ಣು ಮಗುವನ್ನು ದತ್ತು ತೆಗೆದುಕೊಂಡಿದ್ದರು. ಆ್ಯಪಲ್‌ಟನ್‌ನಲ್ಲಿ ಫಾಕ್ಸ್ ನದಿಯ ದಂಡೆ ಮೇಲಿನ ಚರ್ಚ್ ಸ್ಮಶಾನದಲ್ಲಿ, ಕೋಳಿ ಸಾಕಿದ ಊರಿನ ಹತ್ತಿರವೇ, ಅವರನ್ನು ಮಣ್ಣು ಮಾಡಿದರು.

ಇಂಥ ಕಥೆ ಓದಿ ಯಾವುದೋ ಒಂದು ಪಕ್ಷಕ್ಕೆ ಬೈಯುವುದು ಸುಲಭ. ನಮ್ಮ ಉದ್ದೇಶ ಅದಲ್ಲ. ಅವರನ್ನು ಬೆಳೆಸಿದವರಲ್ಲೂ, ನಿಲ್ಲಿಸಿದವರಲ್ಲೂ ಅವರದೇ ಪಕ್ಷದವರಿದ್ದರು. ನಮ್ಮನ್ನು ಕಾಡುವುದು ಆ ರಾತ್ರಿಯ ಫೋನ್ ಕರೆ. 205 ಅಂತಲೇ ಹೇಳಿದರಾ? ಹೌದು. ಸರಿ, ಕಳಿಸಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕಣ್ಣಾರೆ ಕಂಡದ್ದಕ್ಕೇ ಅಷ್ಟು ಎಚ್ಚರಿಕೆ ಬೇಕಾದರೆ, ಇನ್ನೊಬ್ಬರ ಬಾಯಿಂದ ಕೇಳಿದ್ದಕ್ಕೆ ಎಷ್ಟು ಬೇಕು? ಹಳ್ಳಿಯಲ್ಲಿ ಒಬ್ಬರ ಹೆಸರು ಆರೋಪದ ಜೊತೆ ಪತ್ರಿಕೆಯಲ್ಲಿ ಬಂದರೆ ಅದು ಹಾಲಿನ ಡೇರಿಯಲ್ಲಿ, ಬಸ್ ಸ್ಟಾಪಿನಲ್ಲಿ, ಮದುವೆ ಮನೆಯಲ್ಲಿ ವರ್ಷಗಟ್ಟಲೆ ಓಡಾಡುತ್ತದೆ. ಆಮೇಲೆ ಒಳಪುಟದಲ್ಲಿ ಬರುವ ಎರಡು ಸಾಲಿನ ಸ್ಪಷ್ಟನೆಯನ್ನು ಯಾರೂ ಕತ್ತರಿಸಿ ಇಟ್ಟುಕೊಳ್ಳುವುದಿಲ್ಲ.

ನಮ್ಮ ಗುಂಪಿನಲ್ಲಿ ಕೆಲವರು ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಯಾರಾದರೂ ಸಂಖ್ಯೆ ಹೇಳಿದರೆ ಕಾಗದ ಕೇಳುವುದು. ಕಾಗದ ಕೊಡದಿದ್ದರೆ ‘ದಾಖಲೆ ಕೇಳಿದಾಗ ಕೊಡಲಿಲ್ಲ’ ಎಂಬ ಸಾಲನ್ನು ಆರೋಪದ ಪಕ್ಕದಲ್ಲೇ ಬರೆಯುವುದು. ಆರೋಪ ಹೊತ್ತವರಿಗೆ ಸುದ್ದಿ ಕಳಿಸುವ ಮೊದಲೇ ಫೋನ್ ಮಾಡುವುದು. ಕೆಲವು ಸಲ ಡೆಸ್ಕ್‌ನಲ್ಲಿ ಆ ಸಾಲು ಕತ್ತರಿಸಿ ಹೋಗುತ್ತದೆ. ಕೆಲವು ಸಲ ಉಳಿಯುತ್ತದೆ. ನೀವು ಫೋನಿನಲ್ಲಿ ಸುದ್ದಿ ಓದುವಾಗ ಆ ಸಾಲು ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಮುಂದಕ್ಕೆ ಕಳಿಸುವ ಮೊದಲು ಕಳಿಸಿದವರನ್ನೇ ಕೇಳಿ: ‘ಪಟ್ಟಿ ಎಲ್ಲಿದೆ ಅಣ್ಣಾ?’